ಪ್ಲೇಗ್ ಕಾಲದ ಕಾಯ್ದೆಗೆ ಕೋವಿಡ್ ಕಾಲದ ತಿದ್ದುಪಡಿ: ರಕ್ಷಣೆ ಯಾರಿಗೆ, ಎಷ್ಟು ದಿನ?

ಬೆಂಗಳೂರು: 2020ರ ಏಪ್ರಿಲ್ 22. ಅಂದು ರಾತ್ರಿ ದೇಶದಾದ್ಯಂತ ವೈದ್ಯರು ಮೇಣದಬತ್ತಿ ಹಚ್ಚಿ ಪ್ರತಿಭಟಿಸಬೇಕೆಂದು ಭಾರತೀಯ ವೈದ್ಯಕೀಯ ಸಂಘ ಕರೆ ಕೊಟ್ಟಿತ್ತು. ಕೇಂದ್ರ ಗೃಹ ಸಚಿವರು ಸಂಘದ ಪದಾಧಿಕಾರಿಗಳೊಂದಿಗೆ ಮಾತುಕತೆ ನಡೆಸಿ ಭರವಸೆ ನೀಡಿದ ಮೇಲೆ ಪ್ರತಿಭಟನೆ ಹಿಂದಕ್ಕೆ ಹೋಯಿತು. ಅದೇ ದಿನ ಕೇಂದ್ರ ಸಚಿವ ಸಂಪುಟ ಸುಗ್ರೀವಾಜ್ಞೆಯೊಂದಕ್ಕೆ ಒಪ್ಪಿಗೆ ನೀಡಿತು. ರಾಷ್ಟ್ರಪತಿಗಳ ಅಂಕಿತವೂ ಬಿತ್ತು. 123 ವರ್ಷ ಹಳೆಯದಾದ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ಹೊಸ ಕಲಮುಗಳು ಸೇರಿದ್ದು ಹೀಗೆ.

ಆ ದಿನಗಳ ಹಿನ್ನೆಲೆ ಓದುಗರಿಗೆ ನೆನಪಿರಬಹುದು. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್ 10ರಂದು ನಮ್ಮ ಕಲಬುರಗಿಯಲ್ಲೇ ಸಂಭವಿಸಿತ್ತು. ಏಪ್ರಿಲ್ ವೇಳೆಗೆ ರೋಗದ ಭಯ ರೋಗಕ್ಕಿಂತ ವೇಗವಾಗಿ ಹಬ್ಬಿತ್ತು. ಬೆಂಗಳೂರಿನಲ್ಲಿ ಸಮೀಕ್ಷೆಗೆ ತೆರಳಿದ್ದ ಆಶಾ ಕಾರ್ಯಕರ್ತೆಯರ ಮೇಲೆ ಹಲ್ಲೆ ನಡೆಯಿತು. ಪಾದರಾಯನಪುರದಲ್ಲಿ ಕೆಲವರನ್ನು ಕ್ವಾರಂಟೈನ್‌ಗೆ ಕರೆದೊಯ್ಯಲು ಹೋದ ಸಿಬ್ಬಂದಿಗೆ ಅಡ್ಡಿಪಡಿಸಿ ಗುಂಪೊಂದು ದಾಂಧಲೆ ನಡೆಸಿತು. ಚೆನ್ನೈನಲ್ಲಿ ಕೋವಿಡ್‌ನಿಂದ ಮೃತಪಟ್ಟ ವೈದ್ಯರೊಬ್ಬರ ಅಂತ್ಯಕ್ರಿಯೆಗೂ ಜನ ಅಡ್ಡ ಬಂದರು. ಬಾಡಿಗೆ ಮನೆಯಲ್ಲಿದ್ದ ದಾದಿಯರಿಗೆ ಮನೆ ಖಾಲಿ ಮಾಡುವಂತೆ ಮಾಲೀಕರು ಹೇಳಿದ ದೂರುಗಳು ಹಲವು ನಗರಗಳಿಂದ ಬಂದವು.

ಇಂಥ ಹೊತ್ತಿನಲ್ಲಿ ಸರ್ಕಾರದ ಕೈಯಲ್ಲಿದ್ದದ್ದು 1897ರ ಕಾಯ್ದೆ. ಅದರ ಹುಟ್ಟೂ ತುರ್ತಿನದೇ. 1896ರ ಸೆಪ್ಟೆಂಬರ್‌ನಲ್ಲಿ ಮುಂಬೈಯ ಮಾಂಡವಿ ಪ್ರದೇಶದಲ್ಲಿ ಪ್ಲೇಗ್ ಪತ್ತೆಯಾಯಿತು. ಮರುವರ್ಷ ಕಲ್ಕತ್ತೆಯಲ್ಲಿ ಗವರ್ನರ್ ಜನರಲ್ ಅವರ ಶಾಸನ ಪರಿಷತ್ತಿನಲ್ಲಿ ಜಾನ್ ವುಡ್‌ಬರ್ನ್ ಮಂಡಿಸಿದ ಮಸೂದೆ ಸುಮಾರು ಒಂದೇ ವಾರದಲ್ಲಿ, ಫೆಬ್ರುವರಿ 4ರಂದು, ಕಾಯ್ದೆಯಾಯಿತು. ಮೂಲತಃ ಅದರಲ್ಲಿದ್ದದ್ದು ನಾಲ್ಕೇ ಕಲಮು. ಮೊದಲನೆಯದು ಹೆಸರು. ಎರಡನೆಯದು, ಅಪಾಯಕಾರಿ ರೋಗ ಹರಡಿದಾಗ ಅಗತ್ಯವೆಂದು ತೋರಿದ ಯಾವುದೇ ನಿಯಮ ಮಾಡುವ ಅಧಿಕಾರ. ಮೂರನೆಯದು, ನಿಯಮ ಮೀರಿದವರಿಗೆ ಭಾರತೀಯ ದಂಡ ಸಂಹಿತೆಯ 188ನೇ ಕಲಮಿನಡಿ ಶಿಕ್ಷೆ. ನಾಲ್ಕನೆಯದು, ಸದುದ್ದೇಶದಿಂದ ಕ್ರಮ ಕೈಗೊಂಡ ಅಧಿಕಾರಿಗಳ ಮೇಲೆ ಯಾರೂ ದಾವೆ ಹೂಡುವಂತಿಲ್ಲ ಎಂಬ ಅಭಯ.

'ಅಪಾಯಕಾರಿ ಸಾಂಕ್ರಾಮಿಕ ರೋಗ' ಎಂದರೇನು ಎಂಬುದನ್ನು ಕಾಯ್ದೆ ಹೇಳಲಿಲ್ಲ. ಮನೆಯಿಂದ ಹೊರಹಾಕಲ್ಪಟ್ಟ ರೋಗಿಗೆ ಯಾವ ಹಕ್ಕಿದೆ ಎಂಬುದನ್ನಂತೂ ಹೇಳಲೇ ಇಲ್ಲ. ಇದರ ಪರಿಣಾಮ ತಿಂಗಳುಗಳಲ್ಲೇ ಕಂಡಿತು. ಪುಣೆಯಲ್ಲಿ ಪ್ಲೇಗ್ ಸಮಿತಿಯ ಮುಖ್ಯಸ್ಥನಾಗಿದ್ದ ಡಬ್ಲ್ಯು.ಸಿ. ರ‍್ಯಾಂಡ್ ಸೈನಿಕರನ್ನು ಮನೆಮನೆಗೆ ನುಗ್ಗಿಸಿ ತಪಾಸಣೆ ಮಾಡಿಸಿದ. 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ಅವನ ಮೇಲೆ ಗುಂಡು ಹಾರಿಸಿದರು. ಅದೇ ವರ್ಷ ಪತ್ರಿಕೆಯಲ್ಲಿನ ಬರಹಗಳಿಗಾಗಿ ಬಾಲಗಂಗಾಧರ ತಿಲಕರಿಗೆ ರಾಜದ್ರೋಹದ ಆರೋಪದ ಮೇಲೆ 18 ತಿಂಗಳ ಸೆರೆವಾಸವಾಯಿತು.

ಕರ್ನಾಟಕಕ್ಕೂ ಈ ಕಾಯ್ದೆ ಹೊಸದಲ್ಲ. ಧಾರವಾಡ, ಹುಬ್ಬಳ್ಳಿಗಳು ಅಂದು ಮುಂಬೈ ಪ್ರಾಂತದಲ್ಲೇ ಇದ್ದವು. 1898ರ ಆಗಸ್ಟ್‌ನಲ್ಲಿ ರೋಗ ಬೆಂಗಳೂರಿಗೂ ಬಂತು. ಮಲ್ಲೇಶ್ವರ, ಬಸವನಗುಡಿಗಳು ಬೆಳೆದ ಕಥೆಗೂ ಆ ಪ್ಲೇಗಿಗೂ ಇರುವ ನಂಟು ನಗರದ ಹಳಬರಿಗೆ ಗೊತ್ತಿರುವುದೇ.

ಹೊಸದಾಗಿ ಸೇರಿದ್ದೇನು?

1897ರ ಕಾಯ್ದೆ ಅಧಿಕಾರಿಗೆ ನ್ಯಾಯಾಲಯದಿಂದ ರಕ್ಷಣೆ ಕೊಟ್ಟರೆ, 2020ರ ತಿದ್ದುಪಡಿ ಆರೋಗ್ಯ ಸಿಬ್ಬಂದಿಗೆ ಜನರಿಂದ ರಕ್ಷಣೆ ಕೊಟ್ಟಿತು. ವೈದ್ಯರು, ದಾದಿಯರು ಮಾತ್ರವಲ್ಲದೆ ಅರೆವೈದ್ಯಕೀಯ ಸಿಬ್ಬಂದಿ ಹಾಗೂ ಸಮುದಾಯ ಆರೋಗ್ಯ ಕಾರ್ಯಕರ್ತರೂ ಇದರ ವ್ಯಾಪ್ತಿಗೆ ಬಂದರು. ಹಿಂಸಾಚಾರ ಎಂಬ ಪದದ ಅರ್ಥವನ್ನು ಹೊಡೆತಕ್ಕಷ್ಟೇ ಸೀಮಿತಗೊಳಿಸದೆ, ಸಿಬ್ಬಂದಿಯ ವಾಸ ಮತ್ತು ಕೆಲಸಕ್ಕೆ ತೊಂದರೆಯಾಗುವಂಥ ಕಿರುಕುಳ, ಬೆದರಿಕೆ, ಕರ್ತವ್ಯಕ್ಕೆ ಅಡ್ಡಿ, ಆಸ್ತಿ ಹಾನಿಗಳನ್ನೂ ಸೇರಿಸಲಾಯಿತು. ಮನೆ ಬಿಡಿಸುವ ಮಾಲೀಕನೂ ಆರೋಪಿಯಾಗಬಹುದು ಎಂಬುದು ಇದರ ಅರ್ಥ.

ಶಿಕ್ಷೆ 3 ತಿಂಗಳಿನಿಂದ 5 ವರ್ಷ. ದಂಡ 50 ಸಾವಿರದಿಂದ 2 ಲಕ್ಷ ರೂಪಾಯಿ. ತೀವ್ರ ಗಾಯವಾದರೆ 6 ತಿಂಗಳಿನಿಂದ 7 ವರ್ಷ. ದಂಡ 1 ಲಕ್ಷದಿಂದ 5 ಲಕ್ಷ. ಜಾಮೀನು ಹಕ್ಕಾಗಿ ಸಿಗುವುದಿಲ್ಲ, ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು. ಇನ್‌ಸ್ಪೆಕ್ಟರ್ ದರ್ಜೆಯ ಅಧಿಕಾರಿ 30 ದಿನಗಳೊಳಗೆ ತನಿಖೆ ಮುಗಿಸಬೇಕು, ಒಂದು ವರ್ಷದೊಳಗೆ ವಿಚಾರಣೆ ಮುಗಿಸುವ ಪ್ರಯತ್ನವಾಗಬೇಕು. ಧ್ವಂಸವಾದ ಆಸ್ತಿಯ ಮಾರುಕಟ್ಟೆ ಬೆಲೆಯ ಎರಡು ಪಟ್ಟನ್ನು ತಪ್ಪಿತಸ್ಥನೇ ತೆರಬೇಕು. ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲು ಮಾಡಲಾಗುತ್ತದೆ.

ಹೋಲಿಕೆಗೆ ಹಳೆಯ 188ನೇ ಕಲಮನ್ನು ನೋಡಬೇಕು. ಆದೇಶ ಉಲ್ಲಂಘನೆಯಿಂದ ಜೀವಕ್ಕೆ ಅಪಾಯವಾಗುವಂತಿದ್ದರೂ ಅದರಡಿ ಇದ್ದ ಗರಿಷ್ಠ ಶಿಕ್ಷೆ 6 ತಿಂಗಳ ಸೆರೆ, ದಂಡ ಸಾವಿರ ರೂಪಾಯಿ. (2024ರ ಜುಲೈ 1ರಿಂದ ಆ ಸ್ಥಾನಕ್ಕೆ ಭಾರತೀಯ ನ್ಯಾಯ ಸಂಹಿತೆಯ 223ನೇ ಕಲಮು ಬಂದಿದ್ದು, ಗರಿಷ್ಠ ಮಿತಿ ಒಂದು ವರ್ಷ ಮತ್ತು 5 ಸಾವಿರ ರೂಪಾಯಿಗೆ ಏರಿದೆ.)

ಆದರೆ ತಿದ್ದುಪಡಿಯ ಒಂದು ಅಂಶ ಹೆಚ್ಚು ಚರ್ಚೆಯಾಗಬೇಕಿತ್ತು. ತೀವ್ರ ಗಾಯದ ಪ್ರಕರಣಗಳಲ್ಲಿ, ಆರೋಪಿಯೇ ಆ ಅಪರಾಧ ಎಸಗಿದ್ದಾನೆ ಎಂದು ನ್ಯಾಯಾಲಯ ಭಾವಿಸಿಯೇ ವಿಚಾರಣೆ ನಡೆಸಬೇಕು. ಹಾಗಲ್ಲ ಎಂದು ಸಾಬೀತುಪಡಿಸುವ ಹೊಣೆ ಆರೋಪಿಯದು. ಸಾಮಾನ್ಯ ಅಪರಾಧ ನ್ಯಾಯದ ಕ್ರಮ ಇದಕ್ಕೆ ತದ್ವಿರುದ್ಧ. ಗುಂಪು ಗಲಭೆಯ ಪ್ರಕರಣದಲ್ಲಿ, ಯಾರು ಕಲ್ಲೆಸೆದರು, ಯಾರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು ಎಂಬುದು ಸುಲಭವಾಗಿ ತೀರ್ಮಾನವಾಗುವ ಸಂಗತಿಯಲ್ಲ. ಇಷ್ಟು ಗಂಭೀರವಾದ ಬದಲಾವಣೆ ಸುಮಾರು ಐದು ತಿಂಗಳ ಕಾಲ ಶಾಸಕಾಂಗದ ಚರ್ಚೆಯೇ ಇಲ್ಲದೆ ಜಾರಿಯಲ್ಲಿತ್ತು. ಮಾರ್ಚ್ 23ರಂದು ಮುಂದೂಡಲ್ಪಟ್ಟ ಸಂಸತ್ತು ಮತ್ತೆ ಸೇರಿದ್ದು ಸೆಪ್ಟೆಂಬರ್ 14ರಂದು. ಸೆಪ್ಟೆಂಬರ್ 19ರಂದು ರಾಜ್ಯಸಭೆ, 21ರಂದು ಲೋಕಸಭೆ ಮಸೂದೆಯನ್ನು ಅಂಗೀಕರಿಸಿದವು. ಸಮಗ್ರ ಸಾರ್ವಜನಿಕ ಆರೋಗ್ಯ ಕಾಯ್ದೆಯೊಂದನ್ನು ತರುವ ಯತ್ನ ನಡೆದಿದೆ ಎಂದು ಅಂದಿನ ಆರೋಗ್ಯ ಸಚಿವ ಹರ್ಷವರ್ಧನ್ ಸದನಕ್ಕೆ ತಿಳಿಸಿದರು.

ಕೇಂದ್ರ ಕಾನೂನು ಇರುವಾಗ ರಾಜ್ಯದ್ದೇಕೆ ಎಂಬ ಪ್ರಶ್ನೆ ಸಹಜ. ಸಂವಿಧಾನದಲ್ಲಿ ಸಾರ್ವಜನಿಕ ಆರೋಗ್ಯ ರಾಜ್ಯ ಪಟ್ಟಿಯ ವಿಷಯ. ಒಂದು ರಾಜ್ಯದಿಂದ ಇನ್ನೊಂದಕ್ಕೆ ರೋಗ ಹರಡದಂತೆ ತಡೆಯುವುದು ಸಮವರ್ತಿ ಪಟ್ಟಿಯಲ್ಲಿದೆ. ಏಕೀಕರಣಕ್ಕೆ ಮೊದಲು ಬೇರೆ ಬೇರೆ ಆಡಳಿತಗಳಲ್ಲಿದ್ದ ನಮ್ಮ ರಾಜ್ಯದ ಭಾಗಗಳಿಗೆ ಬೇರೆ ಬೇರೆ ಹಳೆಯ ಕಾನೂನುಗಳಿದ್ದವು. ಕರ್ನಾಟಕವೂ 2020ರ ಏಪ್ರಿಲ್‌ನಲ್ಲೇ ತನ್ನ ಸುಗ್ರೀವಾಜ್ಞೆ ಹೊರಡಿಸಿ, ಅನಂತರ ಅದನ್ನು ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆ, 2020 ಎಂದು ರೂಪಿಸಿತು.

ರೋಗ ಮುಗಿದ ಮೇಲೆ

ಕೇಂದ್ರದ ತಿದ್ದುಪಡಿಯ ನಿಜವಾದ ಮಿತಿ ಅದರ ಒಂದು ಪದಗುಚ್ಛದಲ್ಲಿದೆ. 'ಸಾಂಕ್ರಾಮಿಕ ರೋಗದ ಅವಧಿಯಲ್ಲಿ' ಸೇವೆ ಸಲ್ಲಿಸುವ ಸಿಬ್ಬಂದಿಯ ಮೇಲಿನ ಹಿಂಸಾಚಾರ ಮಾತ್ರ ಅದರಡಿ ಅಪರಾಧ. ಆ ಅವಧಿ ಎಂದು ಆರಂಭವಾಗುತ್ತದೆ, ಎಂದು ಮುಗಿಯುತ್ತದೆ ಎಂಬುದಕ್ಕೆ ಕಾಯ್ದೆಯಲ್ಲಿ ಅಳತೆಗೋಲಿಲ್ಲ. ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಸಾರಿತು. ಅದೇ ಆಸ್ಪತ್ರೆ, ಅದೇ ತುರ್ತು ಚಿಕಿತ್ಸಾ ಘಟಕ, ಅದೇ ದಾದಿ. ರೋಗದ ಕಾಲದಲ್ಲಿ ಬಿದ್ದ ಏಟಿಗೆ 7 ವರ್ಷದವರೆಗಿನ ಶಿಕ್ಷೆ ಒದಗಿಸಿದ ಕೇಂದ್ರದ ಈ ಕಾಯ್ದೆ ಉಳಿದ ದಿನಗಳಲ್ಲಿ ಬಿದ್ದ ಏಟಿಗೆ ಅನ್ವಯಿಸುವುದಿಲ್ಲ. ಆಗ ಉಳಿಯುವುದು ಸಾಮಾನ್ಯ ದಂಡ ಕಾನೂನು ಮತ್ತು ರಾಜ್ಯಗಳ ಕಾಯ್ದೆಗಳು. ಕರ್ನಾಟಕದಲ್ಲಿ ವೈದ್ಯಕೀಯ ಸಿಬ್ಬಂದಿಯ ರಕ್ಷಣೆಗೆ 2009ರಲ್ಲೇ ಪ್ರತ್ಯೇಕ ಕಾಯ್ದೆ ಬಂದಿತ್ತು.

ಸದಾ ಕಾಲಕ್ಕೂ ಅನ್ವಯವಾಗುವ ಕೇಂದ್ರ ಕಾನೂನಿನ ಕರಡು 2019ರಲ್ಲಿ ಸಿದ್ಧವಾಗಿತ್ತು. ಗೃಹ ಸಚಿವಾಲಯದ ಆಕ್ಷೇಪದ ನಂತರ ಅದನ್ನು ಬದಿಗಿಡಲಾಯಿತು. ಕೋಲ್ಕತ್ತದ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ ತರಬೇತಿ ವೈದ್ಯೆಯ ಅತ್ಯಾಚಾರ, ಕೊಲೆ ನಡೆದ 2024ರ ಆಗಸ್ಟ್‌ನಲ್ಲಿ ವೈದ್ಯರು ಬೀದಿಗಿಳಿದು ಕೇಳಿದ್ದೂ ಅದನ್ನೇ. ಸುಪ್ರೀಂ ಕೋರ್ಟ್ ರಚಿಸಿದ ರಾಷ್ಟ್ರೀಯ ಕಾರ್ಯಪಡೆ, ರಾಜ್ಯಗಳ ಕಾಯ್ದೆಗಳು ಮತ್ತು ನ್ಯಾಯ ಸಂಹಿತೆ ಸಾಕು, ಪ್ರತ್ಯೇಕ ಕೇಂದ್ರ ಕಾನೂನು ಬೇಕಿಲ್ಲ ಎಂದು ಅದೇ ವರ್ಷ ನವೆಂಬರ್‌ನಲ್ಲಿ ಅಭಿಪ್ರಾಯಪಟ್ಟಿತು. ಹಾಗಿದ್ದರೆ 2020ರಲ್ಲಿ ಅವು ಸಾಲದೆ ಹೋದದ್ದೇಕೆ ಎಂಬ ವೈದ್ಯರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

1897ರ ಮೂಲ ಕಾಯ್ದೆಯ ಬಗ್ಗೆಯೂ ತಜ್ಞರ ಮಾತು ಸ್ಪಷ್ಟವಾಗಿದೆ. ಕರ್ನಾಟಕ ಹೈಕೋರ್ಟ್‌ನ ಮುಖ್ಯ ನ್ಯಾಯಮೂರ್ತಿಯಾಗಿದ್ದ ರಿತುರಾಜ್ ಅವಸ್ಥಿ ಅಧ್ಯಕ್ಷತೆಯ ಕಾನೂನು ಆಯೋಗ 2024ರ ಫೆಬ್ರುವರಿಯಲ್ಲಿ ತನ್ನ 286ನೇ ವರದಿ ಸಲ್ಲಿಸಿತು. ಕಾಯ್ದೆಯನ್ನು ಸಮಗ್ರವಾಗಿ ತಿದ್ದಬೇಕು, ಇಲ್ಲವೇ ಹೊಸದನ್ನೇ ತರಬೇಕು; ಕೇಂದ್ರ, ರಾಜ್ಯ, ಸ್ಥಳೀಯ ಸಂಸ್ಥೆಗಳ ಅಧಿಕಾರ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಮೊದಲೇ ಬರೆದಿಡಬೇಕು ಎಂಬುದು ಅದರ ಶಿಫಾರಸು. 2017ರಲ್ಲೂ ಇಂಥದೇ ಉದ್ದೇಶದ ಸಾರ್ವಜನಿಕ ಆರೋಗ್ಯ ಮಸೂದೆಯ ಕರಡೊಂದು ಜನರ ಅಭಿಪ್ರಾಯಕ್ಕಾಗಿ ಪ್ರಕಟವಾಗಿತ್ತು. ಆಗ ದೇಶದಲ್ಲಿ ತುರ್ತುಸ್ಥಿತಿ ಇರಲಿಲ್ಲ. ಕರಡು ಸಂಸತ್ತಿನವರೆಗೆ ಹೋಗಲೂ ಇಲ್ಲ.