ಕಾದ ಕಬ್ಬಿಣದ ಗಾದೆ: ಅರ್ಥ ಮತ್ತು ಮೂಲ

‘ಕಬ್ಬಿಣ ಕಾದಿರುವಾಗಲೇ ಬಡಿಯಬೇಕು’ ಎಂಬುದು ಇಂಗ್ಲಿಷಿನ ಬಹುಪ್ರಚಲಿತ ಗಾದೆಗಳಲ್ಲೊಂದು. ಒದಗಿದ ಅವಕಾಶವನ್ನು ತಡಮಾಡದೆ ಬಳಸಿಕೊಳ್ಳಬೇಕೆಂಬುದು ಇದರ ತಾತ್ಪರ್ಯ. ಗಾದೆಯ ಹುಟ್ಟು ಕಮ್ಮಾರನ ಕುಲುಮೆಯಲ್ಲಿದೆ. ಕೆಂಪಗೆ ಕಾದ ಕಬ್ಬಿಣವು ಮೆದುವಾಗಿ ಸುತ್ತಿಗೆಯ ಪೆಟ್ಟಿಗೆ ಬಾಗುತ್ತದೆ. ಆರಿದೊಡನೆ ಬಿರುಸಾಗಿ, ಬೇಕಾದ ಆಕಾರಕ್ಕೆ ಒಗ್ಗದು.

14ನೆಯ ಶತಮಾನದ ಕೊನೆಯ ಭಾಗದಲ್ಲಿ ಚಾಸರ್ ಕವಿ ರಚಿಸಿದ ‘ಕ್ಯಾಂಟರ್‌ಬರಿ ಕಥೆಗಳು’ ಕೃತಿಯ ಮೆಲಿಬೀ ಎಂಬ ಗದ್ಯಕಥೆಯಲ್ಲಿ ಈ ಮಾತು ಬರುತ್ತದೆ. ಈ ಕಥೆಯ ಮೂಲ, ಇಟಲಿಯ ಆಲ್ಬೆರ್ಟಾನೊ 1246ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ ಗ್ರಂಥ. ಚಾಸರ್ ಅದನ್ನು ಫ್ರೆಂಚ್ ರೂಪಾಂತರದ ಮೂಲಕ ಇಂಗ್ಲಿಷಿಗೆ ತಂದನು. ಗಮನಿಸಬೇಕಾದ ಸಂಗತಿಯೆಂದರೆ, ಅಲ್ಲಿ ಈ ಗಾದೆಯನ್ನು ಆಡುವವರು ಸೇಡಿಗಾಗಿ ಯುದ್ಧವೇ ಆಗಲೆಂದು ಕೂಗುವ ತರುಣರು. ಯುದ್ಧವೆಂದರೇನೆಂದು ಅರಿಯದೆ ಕೂಗುವವರೇ ಹೆಚ್ಚೆಂದು ವೃದ್ಧನೊಬ್ಬ ಎಚ್ಚರಿಸುತ್ತಾನೆ. ಮೆಲಿಬೀಯ ಮಡದಿ ಪ್ರೂಡೆನ್ಸ್ ಆತುರ ಸಲ್ಲದೆಂದು ತಿಳಿಹೇಳುತ್ತಾಳೆ. ಕಥೆ ಕೊನೆಗೊಳ್ಳುವುದು ಕ್ಷಮೆಯಲ್ಲಿ.

ಕನ್ನಡದಲ್ಲಿ ಇದೇ ಆಶಯವನ್ನು ಕಣದ ಅನುಭವದಿಂದ ಮೂಡಿದ ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆ ಹೇಳುತ್ತದೆ. ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬ ಮಾತೂ ನಮ್ಮಲ್ಲಿದೆ. ಇವೆರಡರ ನಡುವೆ ವಿರೋಧವಿಲ್ಲ. ರೈತ ಗಾಳಿಗಾಗಿ ಕಾಯುತ್ತಾನೆ. ಕಮ್ಮಾರ ಕಬ್ಬಿಣ ಕಾಯುವವರೆಗೆ ತಿದಿಯೊತ್ತುತ್ತಾನೆ. ಅವರ ತ್ವರೆಗೆ ಬೆಲೆ ಬರುವುದು ಆ ತಾಳ್ಮೆಯಿಂದಲೇ. ಕಾಯುವಿಕೆಯನ್ನು ಮರೆತು ಬಡಿತವನ್ನಷ್ಟೇ ನೆನೆದರೆ ಗಾದೆಯ ಅರ್ಧವೇ ದಕ್ಕಿದಂತಾಗುತ್ತದೆ.