ಸ್ಫುಟವಾದ ಚಿತ್ರ ಹುಟ್ಟುವುದೆಲ್ಲಿ?

ಹಗಲಿಡೀ ಹೋಟೆಲಿನ ಗಲ್ಲೆಯಲ್ಲಿ ಕುಳಿತು, ರಾತ್ರಿ ಕಿರೀಟ ಧರಿಸುತ್ತಿದ್ದ ವೃದ್ಧ ಕಲಾವಿದರೊಬ್ಬರ ಕೊನೆಯ ಯಕ್ಷಗಾನ ವೇಷವನ್ನು ನಾವು ಈಚೆಗೆ ಮಾಟುಂಗದಲ್ಲಿ ವಿಡಿಯೋ ಚಿತ್ರೀಕರಿಸಿದೆವು. ಊರಿನಲ್ಲಿರುವ ಅವರ ಪತ್ನಿಗೆ ತೋರಿಸಬೇಕೆಂಬುದೇ ನಮ್ಮ ಉದ್ದೇಶ. ಮನೆಗೆ ಬಂದು ನೋಡಿದರೆ ಹಿಂದಿನ ಪರದೆ ಸ್ಫುಟವಾಗಿತ್ತು, ಮುಖ ಮಸುಕಾಗಿತ್ತು! ಕಂಪ್ಯೂಟರಿನಲ್ಲಿ ತಿದ್ದಹೊರಟಾಗ ಕಿರೀಟದ ಅಂಚಿಗೆ ಬಿಳಿಯ ಗೆರೆ ಮೂಡಿತೇ ಹೊರತು ಕಣ್ಣುಗಳು ಕಾಣಿಸಲಿಲ್ಲ.

ಇದರ ಕಾರಣವನ್ನು ವಾಚಕರು ಅರಿತಿರಬೇಕು. ಸಂಕಲನದಲ್ಲಿ ‘ಶಾರ್ಪನ್’ ಮಾಡುವುದೆಂದರೆ ಅಂಚುಗಳಲ್ಲಿ ಬೆಳಕು ಕತ್ತಲೆಗಳ ಅಂತರವನ್ನು ಹೆಚ್ಚಿಸುವುದು, ಅಷ್ಟೆ. ‘ರಾ’ ವಿಡಿಯೋ ಸೆನ್ಸರು ಕಂಡದ್ದನ್ನು ಹೆಚ್ಚು ತಿದ್ದದೆ ಕಾದಿಡುತ್ತದೆ. ಆದುದರಿಂದ ಮೊದಲ ನೋಟಕ್ಕೆ ಮೃದುವಾಗಿ ತೋರುವುದು ದೋಷವಲ್ಲ. ಆದರೆ ಲೆನ್ಸು ಹಿಡಿಯದಿದ್ದುದು ಅದರಲ್ಲಿಯೂ ಇರಲಾರದು.

ಮೈಸೂರಿನ ವಿ. ಕೆ. ಮೂರ್ತಿಯವರು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಕಲಿತು ಈ ಮುಂಬಯಿಗೆ ಬಂದವರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಾದ ‘ಕಾಗಜ್ ಕೇ ಫೂಲ್’ಗೆ (1959) ಅವರದೇ ಛಾಯಾಗ್ರಹಣ. ಅದರ ಪ್ರಸಿದ್ಧ ಬೆಳಕಿನ ಕಂಬಕ್ಕಾಗಿ ಅವರು ಹೊರಗಿನ ಬಿಸಿಲನ್ನೇ ಕನ್ನಡಿಗಳಿಂದ ಸ್ಟುಡಿಯೋದೊಳಕ್ಕೆ ತಿರುಗಿಸಿದರು. 2008ರ ಫಾಲ್ಕೆ ಪ್ರಶಸ್ತಿ ಪಡೆದ ಆ ಕನ್ನಡಿಗರ ಪಾಠವಿದು: ಮುಖ್ಯ ಕೆಲಸ ಚಿತ್ರೀಕರಣಕ್ಕೆ ಮೊದಲೇ ಮುಗಿಯಬೇಕು.

ನಮಗೂ ಇದು ಅಸಾಧ್ಯವಲ್ಲ. ಅಡಿಗೆಮನೆಯ ಎಣ್ಣೆಗೈ ತಾಗಿದ ಮೊಬೈಲಿನ ಲೆನ್ಸನ್ನು ಮೊದಲು ಶುಭ್ರವಾದ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಪರದೆಯ ಮೇಲೆ ಪಾತ್ರಧಾರಿಯ ಮುಖವನ್ನು ಒತ್ತಿ ಹಿಡಿದು ಫೋಕಸ್ಸನ್ನು ನಿಲ್ಲಿಸಬೇಕು. ಅವರು ಮುಂದೆ ಹಿಂದೆ ಸರಿದರೆ ಮತ್ತೆ ಹೊಂದಿಸಬೇಕು. ಜೂಮ್ ಮಾಡುವುದಕ್ಕಿಂತ ಹತ್ತಿರ ಹೋಗುವುದು ಲೇಸು. ಕೈ ನಡುಗಿದರೆ ಕಂಬಕ್ಕೆ ಒರಗಿರಿ. ನಮ್ಮ ವಿದ್ಯುತ್ತು 50 ಹರ್ಟ್ಸಿನದಾದುದರಿಂದ, ಸೆಕೆಂಡಿಗೆ 25 ಫ್ರೇಮಿನಲ್ಲಿ ಶಟರನ್ನು 1/50ಕ್ಕೆ ಇಟ್ಟರೆ ಟ್ಯೂಬ್‌ಲೈಟು ಮಿನುಗುವುದಿಲ್ಲ. ಕುಣಿತ ರಭಸವಾದರೆ 1/100 ಉತ್ತಮ. ಆದರೆ ಅದಕ್ಕೆ ಇಮ್ಮಡಿ ಬೆಳಕು ಬೇಕು. ಬೆಳಕು ಸಾಲದೆ ಐ.ಎಸ್.ಒ. ಏರಿಸಿದರೆ ಚಿತ್ರವೆಲ್ಲ ರವೆ ಚೆಲ್ಲಿದಂತಾಗುತ್ತದೆ.

ಸಂಕಲನದಲ್ಲಿ ಮೊದಲು ಈ ರವೆಯನ್ನು ತಗ್ಗಿಸಿ, ಬಳಿಕ ಬಣ್ಣ ತಿದ್ದಿ, ಅಂತಿಮ ಗಾತ್ರಕ್ಕಿಳಿಸಿ, ಕಟ್ಟಕಡೆಗೆ ಮಿತವಾಗಿ ಶಾರ್ಪನ್ ಮಾಡತಕ್ಕದ್ದು. ಚಿತ್ರವನ್ನು ನೂರು ಶೇಕಡಾ ಗಾತ್ರದಲ್ಲಿ ನೋಡಿಯೇ ನಿರ್ಧರಿಸಬೇಕು. ಉಪ್ಪು ಹೆಚ್ಚಾದ ಸಾರಿನಂತೆ ಅತಿಯಾದ ತೀಕ್ಷ್ಣತೆಯೂ ರುಚಿ ಕೆಡಿಸುತ್ತದೆ.

ಆ ವೇಷ ಮತ್ತೆ ರಂಗಕ್ಕೆ ಬಾರದು. ಮಸುಕಾದ ಚಿತ್ರವನ್ನೇ ಊರಿಗೆ ಕಳುಹಿಸಿದೆವು. ಇಂಥ ನಷ್ಟ ಇನ್ನೊಬ್ಬರಿಗೆ ಒದಗದಿರಲೆಂದೇ ಈ ನಾಲ್ಕು ಮಾತು.