ಮಳೆಯ ಬಿಡುವಿಗೂ ಒಂದು ಲೆಕ್ಕ

ಕಾರ್ತಿಕದ ಕಡೇ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ರಾಶಿ ಮುಟ್ಟಿ ನೋಡಿದ ರೈತನಿಗೆ ಆ ವರ್ಷದ ಮಳೆ ಹೇಗಿತ್ತೆಂದು ಹೇಳಬೇಕಿಲ್ಲ. ಜೊಳ್ಳು ಹೆಚ್ಚಿದ್ದರೆ ಕಾಯಿ ತುಂಬೋ ಹೊತ್ತಲ್ಲಿ ಮಳೆ ಕೈಕೊಟ್ಟಿರುತ್ತದೆ. ನಮ್ಮ ಖುಷ್ಕಿ ಹೊಲಕ್ಕೆ ವರ್ಷದ ಒಟ್ಟು ಮಳೆಯಷ್ಟೇ ನಡುವಿನ ಬಿಡುವೂ ಮುಖ್ಯ. ಆಗ ಮೂರು ವಾರ ಒಣಗಿತೋ, ಬೀಜದ ದುಡ್ಡೂ ಹುಟ್ಟೋದಿಲ್ಲ.

ಈ ಬಿಡುವಿನ ಹಿಂದೆ ಒಂದು ನಡೆ ಇದೆ. ಮಲ್ಲೇಶ್ವರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸುಲೋಚನಾ ಗಾಡ್ಗೀಳರು, ಡಿ.ಆರ್. ಸಿಕ್ಕಾ ಅವರ ಜೊತೆ ಉಪಗ್ರಹದ ದಿನದಿನದ ಮೋಡದ ಚಿತ್ರ ಜೋಡಿಸಿ ನೋಡಿ 1980ರಲ್ಲಿ ಇದನ್ನು ಬರೆದರು. ಭೂಮಧ್ಯರೇಖೆಯ ಕಡಲ ಮೇಲೆ ಹುಟ್ಟಿದ ಮೋಡದ ಪಟ್ಟಿ ಉತ್ತರಕ್ಕೆ ಸರಿದು ನೆಲದ ಮೇಲೆ ಬರುತ್ತದೆ. 2ರಿಂದ 6 ವಾರಕ್ಕೊಮ್ಮೆ ಹೀಗೆ ಹೊಸ ಪಟ್ಟಿ ಹೊರಡುತ್ತದೆ. ದಿನಕ್ಕೆ ಸುಮಾರು 100 ಕಿಲೋಮೀಟರ್ ನಡೆ.

ಉಪಗ್ರಹ ಅಳೆಯೋದು ಮಳೆಯನ್ನಲ್ಲ, ಭೂಮಿಯಿಂದ ಮೇಲೇಳುವ ಶಾಖವನ್ನು. ಎತ್ತರದ ಮೋಡದ ನೆತ್ತಿ ತಣ್ಣಗಿರುತ್ತದೆ. ಅಲ್ಲಿಂದ ಬರುವ ಶಾಖ ಕಮ್ಮಿ. ಹೀಗೆ ವರ್ಷಗಟ್ಟಲೆ ಬರೆದಿಟ್ಟ ಅಂಕಿಯಲ್ಲಿ ಎಲ್ಲ ಕಲಸಿರುತ್ತದೆ. ಹತ್ತು ಗಾಡಿ ಒಟ್ಟಿಗೆ ಬಂದರೂ ನಮ್ಮೆತ್ತಿನ ಗಂಟೆ ನಮ್ಮ ಕಿವಿಗೆ ಬೇರೆಯಾಗಿ ಕೇಳೋದಿಲ್ಲವೆ? ಹಾಗೇ ಲೆಕ್ಕ ಹಾಕಿ, ಎಷ್ಟು ದಿನಕ್ಕೊಮ್ಮೆ ಮರಳುವ ಅಲೆ ಎಷ್ಟು ಜೋರಾಗಿದೆ ಎಂದು ಬಿಡಿಸುತ್ತಾರೆ. ಅಮೆರಿಕದ ಮ್ಯಾಡನ್, ಜೂಲಿಯನ್ 1971ರಲ್ಲಿ ಪೆಸಿಫಿಕ್ ದ್ವೀಪವೊಂದರ ಗಾಳಿ, ಒತ್ತಡದ ಅಂಕಿಯಿಂದ 40-50 ದಿನದ ಅಲೆ ಹಿಡಿದರು. 1999ರಲ್ಲಿ ವೀಲರ್, ಕಿಲಾಡಿಸ್ ಉಪಗ್ರಹದ ಅಂಕಿಯನ್ನೇ ಹೀಗೆ ಸೋಸಿ, ಪೂರ್ವಕ್ಕೆ ಓಡುವ ಅಲೆ, ಪಶ್ಚಿಮಕ್ಕೆ ಸಾಗುವ ಅಲೆ ಎಂದು ಬೇರೆಬೇರೆ ಮಾಡಿ ತೋರಿಸಿದರು.

ನಮಗಿದು ತೀರ ಹೊಸದಲ್ಲ. ನಮ್ಮ ಒಂದು ಮಳೆ ನಕ್ಷತ್ರಕ್ಕೆ 13-14 ದಿನ. 40 ದಿನದ ಅಲೆ ಅಂದರೆ ಮೂರು ನಕ್ಷತ್ರ. ವ್ಯತ್ಯಾಸ ಇಷ್ಟೇ: ನಕ್ಷತ್ರ ತಾರೀಕು ತಪ್ಪೋದಿಲ್ಲ, ಅಲೆ ತಪ್ಪುತ್ತದೆ. ಒಮ್ಮೆ 30 ದಿನ, ಒಮ್ಮೆ 60. ಕೆಲ ವರ್ಷ ಸದ್ದೇ ಇರೋದಿಲ್ಲ. ಆದ್ದರಿಂದ ಪ್ರತಿವರ್ಷ ಹೊಸದಾಗಿ ನೋಡುತ್ತಲೇ ಇರಬೇಕು.

ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ 4 ವಾರದ ಮುನ್ನೋಟ ಕೊಡುತ್ತದೆ. ಅದರಲ್ಲಿ ಈ ಅಲೆಯ ಲೆಕ್ಕವೂ ಸೇರಿದೆ. ಇಂಥ ಹೊಲಕ್ಕೆ ಇಂಥ ದಿನ ಮಳೆ ಅಂತ ಅದು ಹೇಳದು. ನಮ್ಮ ಭಾಗಕ್ಕೆ ಹದಿನೈದು ದಿನ ಒಣ ಹವೆಯೋ ತೇವವೋ ಅಂತಷ್ಟೇ. ನಮಗೆ ಅಷ್ಟಾದರೂ ಸಾಕು. ಒಣ ಸೂಚನೆ ಇದ್ದರೆ ಮೇಲುಗೊಬ್ಬರ ತಡೆಯಿರಿ, ಕುಂಟೆ ಹೊಡೆದು ತೇವ ಉಳಿಸಿಕೊಳ್ಳಿ. ಬಿತ್ತನೆ ಬೀಜಕ್ಕೆ ಸಾಲ ಮಾಡುವ ಮುಂಚೆ ಒಂದು ಗುರುವಾರ ಕಾಯಿರಿ.